ಮರುಪರೀಕ್ಷೆ ಇಲ್ಲದ ಪರೀಕ್ಷೆಯ ಮರುತಯಾರಿ

ಎಸ್ಸೆಸ್ಸೆಲ್ಸಿಗೆ 2024ರಲ್ಲಿ ಒಂದೇ ವರ್ಷ 3 ಪರೀಕ್ಷೆಗಳನ್ನು ಕಂಡಿರುವ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಿರಿಯರಿಗೆ, ವಿಮಾನ ಹಾರಿಸುವ ಸಹಜ ಸಾಮರ್ಥ್ಯವನ್ನು ಅಳೆಯುವ ವಾಯುಪಡೆಯ ಗಣಕೀಕೃತ ಪರೀಕ್ಷೆ, ಅಂದರೆ ಸಿಪಿಎಸ್‌ಎಸ್, ಜೀವಮಾನಕ್ಕೆ ಒಮ್ಮೆ ಮಾತ್ರ ಎಂದು ಮನವರಿಕೆ ಮಾಡಿಕೊಡುವುದು ಆ ಪರೀಕ್ಷೆಗಿಂತಲೂ ಕಠಿಣವಾದುದು. ವರ್ಷಕ್ಕೆ 2 ಬಾರಿ ನಡೆಯುವ ಎಎಫ್‌ಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯನ್ನೂ, ಮೈಸೂರಿನಂಥ ಕೇಂದ್ರಗಳಲ್ಲಿನ ಆಯ್ಕೆ ಮಂಡಳಿಯನ್ನೂ ವಯೋಮಿತಿ ಮೀರುವವರೆಗೆ ಮತ್ತೆ ಮತ್ತೆ ಎದುರಿಸಬಹುದಾದರೂ, ಡಿಆರ್‌ಡಿಒ ರೂಪಿಸಿದ ಈ ಯಂತ್ರ ಒಮ್ಮೆ ಬೇಡವೆಂದರೆ ಮುಗಿಯಿತು; ಶಾಸಕರ ಶಿಫಾರಸು ಪತ್ರವನ್ನು ಓದುವ ಏರ್ಪಾಡು ಅದರಲ್ಲಿಲ್ಲ.

ಇದರ ಹಿಂದಿನ ರೂಪವಾದ ಪಿಎಬಿಟಿಯಲ್ಲಿ ಅಭ್ಯರ್ಥಿಯು ಕೈಯಲ್ಲಿ ಕೋಲು ಹಿಡಿದು, ಕಾಲಿನಿಂದ ಪೆಡಲು ಒತ್ತಿ, ಪರದೆಯ ಮೇಲೆ ತಪ್ಪಿಸಿಕೊಂಡು ಓಡುವ ಚುಕ್ಕಿಯನ್ನು ನಡುವೆ ನಿಲ್ಲಿಸುತ್ತಲೇ, ಆಗಾಗ ಹೊತ್ತುವ ದೀಪವನ್ನೂ ಮೊಳಗುವ ಸದ್ದನ್ನೂ ಆರಿಸಬೇಕಿತ್ತು. ಕಣ್ಣು ಕಂಡದ್ದಕ್ಕೆ ಕೈಕಾಲುಗಳು ಕೂಡಿಯೇ ಓಗೊಡುವ ಈ ಗುಣಕ್ಕೆ ಮನಶ್ಶಾಸ್ತ್ರದಲ್ಲಿ ಮನೋಚಾಲಕ ಕೌಶಲವೆಂದು ಹೆಸರು. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಗೋವಿನಜೋಳದ ಹೊಲದಿಂದ ಬದುವಿಗೆ ತಾಗದಂತೆ ಹಿಂದಕ್ಕೆ ಹೊಡೆಯುವ ಹಿರೇಕೆರೂರಿನ ತರುಣನಿಗೆ ಇದು ತೀರ ಅಪರಿಚಿತವಲ್ಲ. ಹಿಂದೆ ನಿಂತು ‘ಬರ್ಲಿ, ಬರ್ಲಿ’ ಎನ್ನುವವರು ಮಾತ್ರ ಅಲ್ಲಿರುವುದಿಲ್ಲ.

ಸಿಪಿಎಸ್‌ಎಸ್‌ನಲ್ಲಿ ಅನುತ್ತೀರ್ಣನಾದವನು ಭೂಸೇವಾ ಶಾಖೆಗೆ ಪ್ರಯತ್ನಿಸಬಹುದೆಂಬ ನಿಯಮವನ್ನು ಎಷ್ಟು ವಿವರಿಸಿದರೂ ಸೋದರಮಾವಂದಿರ ಪ್ರಶ್ನೆ ಒಂದೇ: ‘ಫೀ ಕಟ್ಟಿದ್ರ ಇನ್ನೊಂದ್ ಸಲ ಕುಂದ್ರಿಸ್ಕೊಳ್ಳಂಗಿಲ್ಲೇನು?’