ಬೇಡದ ಫಾಲೋವರ್ ನಿವಾರಣೆ: ಬಳಕೆದಾರರ ಕೈಪಿಡಿ, ತಾಂಡವಪುರ ಆವೃತ್ತಿ

ಇನ್‌ಸ್ಟಾಗ್ರಾಮ್ ಖಾತೆ ತೆರೆದ ತಮಗೆ ಅಭಿನಂದನೆಗಳು. ಖಾತೆಯ ಜೊತೆಗೆ, ತಾವು ಕೇಳದಿದ್ದರೂ, ಕೆಲವು ಫಾಲೋವರ್‌ಗಳು ಉಚಿತವಾಗಿ ಬರುತ್ತಾರೆ. ತಾಂಡವಪುರದ ಎಂಜಿನಿಯರಿಂಗ್ ಕಾಲೇಜಿನವರು, ಕೈಗಾರಿಕಾ ಪ್ರದೇಶಕ್ಕೆ ಶಿಫ್ಟಿಗೆ ಹೋಗುವವರು, ಚಾಮರಾಜನಗರದ ರೈಲಿನಲ್ಲಿ ರೀಲ್ಸ್ ನೋಡುತ್ತ ಇಳಿಯುವ ಸ್ಟೇಷನ್ ಮರೆಯುವವರು, ಎಲ್ಲರಿಗೂ ಈ ಕೈಪಿಡಿ ಅನ್ವಯ.

ಭಾಗಗಳ ಪರಿಚಯ

ಅ. ಅಪರಿಚಿತ: ಪೋಸ್ಟ್ ಸೊನ್ನೆ. ಡಿಪಿಯಲ್ಲಿ ನಂಜುಂಡೇಶ್ವರ ಇಲ್ಲವೇ ನೆಚ್ಚಿನ ಹೀರೋ. ಇನ್‌ಬಾಕ್ಸಿನಲ್ಲಿ ಇಬ್ಬರಿಗೂ ತೋರಿಸಲಾಗದ ಚಿತ್ರ.

ಆ. ಚೆಲುವೆ: ಗಂಡಸರ ಖಾತೆಗಳಿಗೆ ಮಾತ್ರ. ಮೊದಲು ಹಾಯ್, ಆಮೇಲೆ ವಿಡಿಯೊ ಕಾಲ್, ಅದಾದ ಮೇಲೆ ಹಣದ ಬೇಡಿಕೆ.

ಇ. ಮನೆಯವರು: ದೋಷ ಪತ್ತೆ ವಿಭಾಗ ನೋಡಿ.

ಬಳಸುವ ವಿಧಾನ

1. ಚಿತ್ರ ಕಂಡೊಡನೆ ಬೆರಳು ಬ್ಲಾಕ್ ಕಡೆಗೆ ಓಡುತ್ತದೆ. ತಡೆಯಿರಿ. ಮೊದಲು ಸ್ಕ್ರೀನ್‌ಶಾಟ್ ತೆಗೆದು ಖಾತೆಯ ಲಿಂಕ್, ದಿನಾಂಕ, ಸಮಯ ಬರೆದಿಡಿ; ಖಾತೆಯ ಹೆಸರು ನಾಳೆ ಬದಲಾದೀತು. 'ನೋಡ್ರೇ ಇದನ್ನ' ಎಂದು ಗೆಳತಿಯರ ಗ್ರೂಪಿಗೆ ಹಾಕಬೇಡಿ. ಹಾಕಿದರೆ ಅವನ ಕೆಲಸ ನೀವು ಮಾಡಿದಂತೆ.

2. ರಿಪೋರ್ಟ್ ಮಾಡಿ, ಆಮೇಲೆ ಬ್ಲಾಕ್. ಅವನು ಮುಂದೆ ತೆರೆಯಬಹುದಾದ ಖಾತೆಗಳನ್ನೂ ಸೇರಿಸಿ ಬ್ಲಾಕ್ ಮಾಡುವ ಆಯ್ಕೆ ಅಲ್ಲೇ ಇದೆ.

3. ಖಾತೆಯನ್ನು ಪ್ರೈವೇಟ್ ಮಾಡಿದರೆ ಹೊಸಬರಿಗಷ್ಟೇ ಬಾಗಿಲು ಹಾಕಿದಂತೆ. ಒಳಗೆ ಕೂತವರು ಏಳುವುದಿಲ್ಲ. ಒಬ್ಬೊಬ್ಬರನ್ನೇ ರಿಮೂವ್ ಮಾಡಿ. ಅವರಿಗೆ ಸೂಚನೆ ಹೋಗುವುದಿಲ್ಲ, ಬೀಳ್ಕೊಡುಗೆ ಭಾಷಣದ ಅಗತ್ಯವಿಲ್ಲ.

4. ಇಂಥ ಚಿತ್ರ ಕಳಿಸುವುದು ತರಲೆಯಲ್ಲ, ಅಪರಾಧ ಎಂಬುದು ನೆನಪಿರಲಿ. ಲೈಂಗಿಕ ದೃಶ್ಯಗಳನ್ನು ಕಳಿಸಿದವನಿಗೆ ಐಟಿ ಕಾಯ್ದೆಯ 67ಎ ಸೆಕ್ಷನ್ ಪ್ರಕಾರ ಮೊದಲ ಸಲವೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಹೆಣ್ಣುಮಗಳ ಆನ್‌ಲೈನ್ ಓಡಾಟದ ಬೆನ್ನುಬೀಳುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಇದೆ.

ಎಚ್ಚರಿಕೆ

ಕಂಪನಿ ಒದಗಿಸದ ಬಿಡಿಭಾಗಗಳನ್ನು, ಅಂದರೆ 'ನಮ್ ಹುಡುಗರನ್ನ', ಬಳಸಬೇಡಿ. 2024ರ ಜೂನ್‌ನಲ್ಲಿ ಚಿತ್ರದುರ್ಗದ ರೇಣುಕಸ್ವಾಮಿ ಕೊಲೆಯಾಯಿತು. ನಟ ದರ್ಶನ್ ಅವರ ಗೆಳತಿ ಪವಿತ್ರಾ ಗೌಡ ಅವರಿಗೆ ಆತ ಅಶ್ಲೀಲ ಸಂದೇಶ ಕಳಿಸಿದ್ದೇ ಕಾರಣ ಎನ್ನುವುದು ಪೊಲೀಸರ ಆರೋಪ. ಅವರು ಹೆಸರಿಸಿದ 17 ಆರೋಪಿಗಳಲ್ಲಿ ದರ್ಶನ್ ಒಬ್ಬರು. ಅವರನ್ನು ಹಿಡಿದದ್ದು ನಮ್ಮ ಮೈಸೂರಿನಲ್ಲೇ. ಮರುವರ್ಷದ ಜುಲೈನಲ್ಲಿ, ಸತ್ತವನ ಮನೆಯವರಿಗೆ ನ್ಯಾಯ ಸಿಗಲಿ ಎಂದ ನಟಿ ರಮ್ಯಾ ಅವರಿಗೇ ಅಶ್ಲೀಲ ಸಂದೇಶಗಳು ಬಂದವು. ಅವರು 43 ಖಾತೆಗಳ ಪಟ್ಟಿ ಹಿಡಿದು ಬೆಂಗಳೂರು ಪೊಲೀಸ್ ಕಮಿಷನರ್‌ಗೆ ದೂರು ಕೊಟ್ಟರು, ಹಲವರ ಬಂಧನವಾಯಿತು. ಪೊಲೀಸರ ಆರೋಪ ನಿಜವಾದರೆ, ಒಂದೇ ರೋಗಕ್ಕೆ ಎರಡು ಮದ್ದು: ಒಂದರಲ್ಲಿ ಹೆಣ ಬಿತ್ತು, ಇನ್ನೊಂದರಲ್ಲಿ ಎಫ್‌ಐಆರ್ ಬಿತ್ತು.

ದೋಷ ಪತ್ತೆ

ದೋಷ: 'ದುಡ್ಡು ಹಾಕು, ಇಲ್ಲಾಂದ್ರೆ ವಿಡಿಯೊ ಊರಿಗೆಲ್ಲ ಹೋಗುತ್ತೆ.'
ಪರಿಹಾರ: ಹಾಕಬೇಡಿ. ಒಮ್ಮೆ ಕೊಟ್ಟವರ ನಂಬರನ್ನು ಅವರು ಮರೆಯುವುದಿಲ್ಲ. ಆಗಲೇ ಹಾಕಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ದೋಷ: 'ನನ್ನ ಫೋಟೊ ಬೆತ್ತಲೆ ಮಾಡಿ ಹರಿಯಬಿಟ್ಟಿದ್ದಾರೆ.'
ಪರಿಹಾರ: ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಮೈಸೂರಿನಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆ ಇದೆ. 'ಸ್ಟಾಪ್ ಎನ್‌ಸಿಐಐ' ಎಂಬ ಉಚಿತ ಸೇವೆಯಲ್ಲಿ ಚಿತ್ರ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಅದರ ಗುರುತಿನ ಸಂಕೇತ ಮಾತ್ರ ಹೋಗಿ, ಜೊತೆಗೂಡಿದ ಆ್ಯಪ್‌ಗಳಲ್ಲಿ ಚಿತ್ರವನ್ನು ತಡೆಯುತ್ತದೆ.

ದೋಷ: 'ಅಪ್ಪ ಫೋನ್ ಕಿತ್ತಿಟ್ಟುಕೊಂಡರು. ಕಾಲೇಜೂ ಸಾಕು ಅಂದರು.'
ಪರಿಹಾರ: ಇಷ್ಟು ಹೊತ್ತು ಮಗಳಿಗೆ ಹೇಳಿದ್ದೆವು, ಈ ಸಾಲು ಅಪ್ಪಂದಿರಿಗೆ, ಅಣ್ಣಂದಿರಿಗೆ. ಕಳಿಸಿದವನ ಕೈಯಲ್ಲಿ ಫೋನ್ ಇನ್ನೂ ಇದೆ. ನೀವು ಕಸಿದದ್ದು ಅವಳದ್ದನ್ನು, ಅದರಲ್ಲಿದ್ದ ಸಾಕ್ಷಿಯ ಸಮೇತ. ವಾಪಸ್ ಕೊಡಿ. ಠಾಣೆಗೆ ಜೊತೆಯಲ್ಲಿ ಹೋಗಿ.

ವಾರಂಟಿ

ಬ್ಲಾಕ್ ಆದವನು ಬೇರೆ ಹೆಸರಿನಲ್ಲಿ ಬರುವುದಿಲ್ಲ ಎಂದು ಕಂಪನಿ ಖಾತರಿ ಕೊಡುವುದಿಲ್ಲ. ಬಂದಾಗ ಮಗಳು ಮನೆಯಲ್ಲಿ ಬಾಯಿಬಿಡುತ್ತಾಳೋ ಇಲ್ಲವೋ ಎಂಬುದು, ಮೊದಲ ಸಲ ಹೇಳಿಕೊಂಡಾಗ ನೀವು ಏನಂದಿರಿ ಎಂಬುದರ ಮೇಲಿದೆ.