ಟ್ವೆಂಟಿ ಫಾರ್ಟಿಯವರ ಜೊತೆ ಒಂದು ಮಾತುಕತೆ

ಹುಣಸೂರಿನ ಹೊರವಲಯದ ಖಾಲಿ ನಿವೇಶನವೊಂದು ಸಂದರ್ಶನಕ್ಕೆ ಒಪ್ಪಿಕೊಂಡಿತು. ಅಗಲ 20 ಅಡಿ, ಉದ್ದ 40. ಗುಂಟೆಯ ಲೆಕ್ಕದಲ್ಲಿ ಮುಕ್ಕಾಲಿಗೂ ಚೂರು ಕಡಿಮೆ. ರಸ್ತೆಯ ಅಂಚಿನಿಂದ ಹಿಂದಿನ ಬೇಲಿ ಮುಟ್ಟುವಷ್ಟರಲ್ಲಿ ನೆಲ 5 ಅಡಿ ಇಳಿದಿರುತ್ತದೆ. ಪತ್ರಿಕೆಯ ಪ್ರತಿನಿಧಿ ತಂದಿದ್ದ ಪ್ಲಾಸ್ಟಿಕ್ ಕುರ್ಚಿ ಬೇಲಿಯಾಚೆಯ ಕೆರೆಯ ಕಡೆಗೇ ವಾಲುತ್ತಿದ್ದುದರಿಂದ ಮಾತುಕತೆ ನಿಂತೇ ನಡೆಯಿತು.

“ನಾನು ಹೊಗೆಸೊಪ್ಪಿನ ಹೊಲವಾಗಿದ್ದೋನು,” ಎಂದು ನಿವೇಶನವೇ ಶುರು ಮಾಡಿತು. “ನೀರು ನಿಂತರೆ ಗಿಡ ಸಾಯ್ತದೆ, ಅದಕ್ಕೇ ‘ನೀರು ಹರಿದೋಗೋ ನೆಲ’ ಅಂತ ಎಲ್ಲರೂ ಹೊಗಳೋರು. ಅನ್ಯಕ್ರಾಂತವಾಗಿ ಮೂಲೆಗೆ ಕಲ್ಲು ನೆಟ್ಟರು ನೋಡಿ, ಅವತ್ತಿಂದ ಅದೇ ನನ್ನ ಐಬು.”

ಐಬು ಕಂಡುಹಿಡಿದವರು ಯಾರು?

“ಮೊದಲು ವಾಸ್ತು ಪಂಡಿತರು. ಈಶಾನ್ಯ ತಗ್ಗಿರಬೇಕಂತೆ, ನೈಋತ್ಯ ಎತ್ತರ ಇರಬೇಕಂತೆ. ನಾನು ನೈಋತ್ಯಕ್ಕೇ ಇಳಿದಿದೀನಿ. ಕೆರೆ ಇರೋದೇ ಆ ಕಡೆ, ಏನು ಮಾಡ್ಲಿ? ಕೃಷ್ಣರಾಜನಗರದಲ್ಲಿ ನಮ್ಮ ನೆಂಟರವೆ, ಹಳೇ ಎಡತೊರೆ ಪಕ್ಕ ಅಳತೆ ಹಿಡಿದು ಕಟ್ಟಿದ ಊರು. ನೇರ ಬೀದಿ, ಚೌಕ ಮೂಲೆ. ಅವಕ್ಕೆ ಈ ಕಷ್ಟ ಇಲ್ಲ.”

ಪಂಡಿತರ ಮಾತಿಗೆ ಮಾಲೀಕರು ಸೂಚಿಸಿರುವ ಪರಿಹಾರ ಜೆಸಿಬಿ. ನೆಲವನ್ನು ರಸ್ತೆಯ ಮಟ್ಟಕ್ಕೆ ತರಲು 2000 ಘನ ಅಡಿ ಮಣ್ಣು ಬೇಕು. ನೂರು ಘನ ಅಡಿಗೆ ಒಂದರಂತೆ 20 ಯುನಿಟ್. ಅದನ್ನು ಹಿಡಿದು ನಿಲ್ಲಿಸಲು ಹಿಂದೆ ಐದಡಿ ತಡೆಗೋಡೆ. ಗೋಡೆಯಲ್ಲಿ ನೀರು ಇಳಿಯಲು ತೂತು ಬಿಡದಿದ್ದರೆ ಮಳೆಗಾಲದಲ್ಲಿ ನೆನೆದ ಮಣ್ಣು ಅದನ್ನೇ ತಳ್ಳುತ್ತದೆ. ಮಾಲೀಕರ ನಕ್ಷೆಯಲ್ಲಿ ಗೋಡೆ ಇದೆ, ತೂತು ಇಲ್ಲ.

“ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ಹೊಸ ಮಣ್ಣಿನ ಮೇಲೆ. ಬಿರುಕು ಎಲ್ಲಿ ಬರ್ತದೆ ಅಂತ ಈಗಲೇ ಗೆರೆ ಹಾಕಿ ತೋರಿಸ್ಲಾ?”

ಹಾಗಾದರೆ ಮಾಡಬೇಕಾದ್ದೇನು? “ನಾನಿರೋ ಹಾಗೇ ಬಿಡಿ. ಮುಂದೆ ಒಂದು ಮಟ್ಟ, ಹಿಂದೆ ಒಂದು ಮಟ್ಟ, ನಡುವೆ ಎರಡೂವರೆ ಅಡಿ. ಆರಿಂಚಿನ ಐದೇ ಮೆಟ್ಟಿಲು. ಪಾಯ ಮಾತ್ರ ಗಟ್ಟಿ ನೆಲ ಮುಟ್ಟಲಿ. ತಿರುವನಂತಪುರದಲ್ಲಿ ಲಾರಿ ಬೇಕರ್ ಅನ್ನೋ ವಾಸ್ತುಶಿಲ್ಪಿ ಕಲ್ಲುಗುಡ್ಡದ ಇಳಿಜಾರಲ್ಲೇ ಸ್ವಂತ ಮನೆ ಮಾಡಿಕೊಂಡಿದ್ರು, ಗುಡ್ಡ ಕೆತ್ತಿ ಮಟ್ಟ ಮಾಡಲಿಲ್ಲ.”

ಇಕ್ಕಟ್ಟಿನ ಪ್ರಶ್ನೆ ಬಂದಾಗ ನಿವೇಶನಕ್ಕೆ ಸ್ವಲ್ಪ ಸಿಟ್ಟೇ ಬಂತು. ಎರಡೂ ಪಕ್ಕ ಮೂರು ಮೂರಡಿ ಬಿಟ್ಟು ಒಂಬತ್ತಿಂಚಿನ ಗೋಡೆ ಕಳೆದರೆ ಒಳಗೆ ಉಳಿಯುವುದು ಹನ್ನೆರಡೂವರೆ ಅಡಿ, ನಿಜ. ಆದರೆ ಜಪಾನಿನ ಒಸಾಕಾದಲ್ಲಿ ವಾಸ್ತುಶಿಲ್ಪಿ ತಡಾವೊ ಆಂಡೊ 1976ರಲ್ಲಿ ಮುಗಿಸಿದ ಸುಮಿಯೋಶಿಯ ಮನೆ ಹೊರಗಿನಿಂದಲೇ ಹನ್ನೊಂದಡಿ ಅಗಲ. ಅವರು ಉದ್ದವನ್ನು ಮೂರು ಭಾಗ ಮಾಡಿ ನಡುವಿನದನ್ನು ಆಕಾಶಕ್ಕೆ ಬಿಟ್ಟರು. ಮಳೆ ಬಂದರೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಕೊಡೆ ಹಿಡಿದು ಹೋಗಬೇಕು. ನಮ್ಮ ತೊಟ್ಟಿಮನೆಯವರು ಜಗಲಿಗೆ ಮಾಡು ಇಳಿಸಿ ಆ ತಾಪತ್ರಯವನ್ನೂ ತಪ್ಪಿಸಿದ್ದರು ಎಂಬುದು ಈ ಲೇಖಕರ ಟಿಪ್ಪಣಿ. ನಿವೇಶನ ಅಷ್ಟು ದೂರ ಹೋಗಲಿಲ್ಲ. ಅದು ತೋರಿಸಿದ್ದು ಪಕ್ಕದ ಹೊಲದ ಬ್ಯಾರನ್ನು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಓಡಾಡಿದವರಿಗೆ ಹೊಗೆಸೊಪ್ಪು ಹದ ಮಾಡುವ ಈ ಕಟ್ಟಡ ಹೊಸದಲ್ಲ. ಪುಟ್ಟ ತಳ, ಎತ್ತರದ ಗೋಡೆ. ಹೊರಗಿನ ಒಲೆಯ ಬಿಸಿ ನೆಲದ ಮೇಲಿನ ಕೊಳವೆಯಲ್ಲಿ ಸುತ್ತುತ್ತದೆ. ಕೆಳಗಿನ ಕಂಡಿಯಿಂದ ಬಂದ ಗಾಳಿ ಕಾದು, ಕಡ್ಡಿಗೆ ಕಟ್ಟಿ ಸಾಲುಸಾಲಾಗಿ ತೂಗಿಬಿಟ್ಟ ಎಲೆಗಳ ನಡುವೆ ಏರಿ, ತೇವ ಹೊತ್ತು ನೆತ್ತಿಯ ಗವಾಕ್ಷಿಯಿಂದ ಹೊರಹೋಗುತ್ತದೆ. ಒಲೆ ತೆಗೆದುಹಾಕಿ ಕಂಡಿ, ಗವಾಕ್ಷಿ ಮಾತ್ರ ಇಟ್ಟುಕೊಂಡರೆ ಅದೇ ಉಪಾಯ ಇಕ್ಕಟ್ಟಿನ ಮನೆಯ ಸೆಕೆಯನ್ನೂ ಮೇಲಕ್ಕೆಳೆದು ಬಿಸಾಕುತ್ತದೆ. ಮೆಟ್ಟಿಲ ಮೇಲಿನ ಸೂರಿನಲ್ಲಿ ಗವಾಕ್ಷಿ ಇಟ್ಟರೆ ನಡುಮನೆಗೆ ಬೆಳಕೂ ಬಿತ್ತು.

“ನಮ್ಮ ಯಜಮಾನ್ರಿಗೆ ಇದು ಗೊತ್ತಿಲ್ಲ ಅಂದ್ಕೊಂಡ್ರಾ? ರಾತ್ರಿಯೆಲ್ಲ ಬ್ಯಾರನ್ ಮುಂದೆ ಕೂತು, ಯಾವ ಹೊತ್ತಿಗೆ ಕಂಡಿ ತೆಗೀಬೇಕು, ಯಾವಾಗ ಮುಚ್ಚಬೇಕು ಅಂತ ಥರ್ಮಾಮೀಟರು ನೋಡ್ಕೊಂಡು ಕಾದವ್ರೆ. ಎಲೆಗಾದ್ರೆ ಆ ಬುದ್ಧಿ. ತಾವು ಮಲಗೋ ಮನೆಗೆ ಮೊಬೈಲಲ್ಲಿ ಬಂದ ಬೆಂಗಳೂರಿನ ಥರ್ಟಿ ಫಾರ್ಟಿ ನಕ್ಷೆ, ಹತ್ತಡಿ ಒತ್ತಿ ಸಣ್ಣ ಮಾಡಿಸವ್ರೆ. ಎದುರುಮನೆ ಗೋಡೆ ಕಾಣೋ ಕಡೆ ಎರಡು ಮಹಡಿ ಗಾಜು. ಕೆರೆ ಕಾಣೋ ಕಡೆ ಬಚ್ಚಲು ಕಿಟಕಿ.”

ನಡುಮನೆಗೆ ಗಾಳಿ?

“ಎ.ಸಿ. ಅಂತೆ.”

ಕೊನೆಯದಾಗಿ ಪ್ರತಿನಿಧಿ ಕಾರಿನ ಬಗ್ಗೆ ವಿಚಾರಿಸಿದರು. ರಸ್ತೆ ಎತ್ತರದಲ್ಲಿರುವುದರಿಂದ ಕಾರಿಗೆ ಮುಂದಿನ ಮಟ್ಟದಲ್ಲೇ ಜಾಗವಾಗುತ್ತದೆ ಎಂದು ನಿವೇಶನ ವಿವರಿಸಿತು. ಯಾವ ಕಾರು ಎಂದರೆ, “ಇನ್ನೂ ತಗೊಂಡಿಲ್ಲ,” ಎಂದಿತು. “ಆದ್ರೆ ಅಡುಗೆಮನೆಗಿಂತ ಅದಕ್ಕೇ ಎರಡಡಿ ಜಾಸ್ತಿ ಬಿಟ್ಟವ್ರೆ.”