ಒಳ್ಳೇ ಸಲಹೆ, ಬರ್ಕೊಂಡೆ!

(ಹಳ್ಳಿಯ ಅನುದಾನಿತ ಪ್ರಾಥಮಿಕ ಶಾಲೆ. ಟ್ರಸ್ಟ್ ಕಾರ್ಯದರ್ಶಿಗಳ ಕೊಠಡಿ. ಗೋಡೆ ಮೇಲೆ ಸಂಸ್ಥಾಪಕರ ಫೋಟೊ; ಪಕ್ಕದಲ್ಲಿ ಅದಕ್ಕಿಂತ ದೊಡ್ಡದಾಗಿ ಅವರ ಮಗನದು.)

ಪಂಚಾಯ್ತಿ ಸದಸ್ಯ: ಏನ್ ಸ್ವಾಮಿ, ಹುಡುಗೀರ ಶೌಚಾಲಯಕ್ಕೆ ಬಾಗಿಲೇ ಇಲ್ವಲ್ಲ!

ಕಾರ್ಯದರ್ಶಿ: ಒಳ್ಳೇ ಸಲಹೆ, ಬರ್ಕೊಂಡೆ. ಕಾಫಿ ತಗೊಳ್ಳಿ.

ಸದಸ್ಯ: ಸಲಹೆಯಲ್ಲ, ದೂರು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತೀಲಿ ನಾವೂ ಇರ್ತೀವಿ. ಮುಕ್ಕಾಲು ಪಾಲು ತಂದೆತಾಯಂದಿರು, ಅರ್ಧದಷ್ಟು ಹೆಂಗಸರು.

ಕಾರ್ಯದರ್ಶಿ: ಓದಿದ್ದೀರಿ, ಸಂತೋಷ. ಪೂರ್ತಿ ಓದಿಲ್ಲ. 2012ರ ತಿದ್ದುಪಡಿ ನೋಡಿ. ಅನುದಾನಿತ ಶಾಲೇಲಿ ಆ ಸಮಿತಿದು ಬರೀ ಸಲಹೆ.

ಸದಸ್ಯ: ಮೇಷ್ಟ್ರ ಸಂಬಳ ಸರ್ಕಾರದ್ದು...

ಕಾರ್ಯದರ್ಶಿ: ಸೇವೆ ನಮ್ಮದು!

ಸದಸ್ಯ: ನೇಮಕ?

ಕಾರ್ಯದರ್ಶಿ: ಅದೂ ಸೇವೇನೇ. ನಮ್ಮ ಸೊಸೆ, ಪಾಪ, ನಾಲ್ಕನೇ ಕ್ಲಾಸಲ್ಲಿ ಎಷ್ಟು ಸೇವೆ ಮಾಡ್ತಾಳೆ!

(ಈ ‘ಸೇವೆ’ಗೆ ನಮ್ಮ ನಿಘಂಟುಗಳು ಇನ್ನೂ ನ್ಯಾಯ ಒದಗಿಸಿಲ್ಲ.)

ಕಾರ್ಯದರ್ಶಿ: ಅಂದ ಹಾಗೆ ಮೆಂಬರ್ರೇ, ನಮ್ಮ ಬೋರ್‌ವೆಲ್ ಕೆಟ್ಟಿದೆ. ಪಂಚಾಯ್ತಿಯಿಂದ ಒಂದು ನಲ್ಲಿ ಹಾಕ್ಸಿಕೊಡಿ. ಶಾಲೆ ಊರಿಂದೇ ಅಲ್ವೆ?

ಸದಸ್ಯ: ಒಳ್ಳೇ ಸಲಹೆ, ಬರ್ಕೊಂಡೆ.

(ಕಾಫಿ ಆರಿತು. ಶೌಚಾಲಯಕ್ಕೆ ಈಗ ಬಾಗಿಲೂ ಇಲ್ಲ, ನೀರೂ ಇಲ್ಲ.)